ಪಾರ್ನಾಸಸ್ಸಿನ ತಪ್ಪಲಲ್ಲಿ

ಗ್ರೀಸ್ ದೇಶದ ನಡುಭಾಗದಲ್ಲಿ 2457 ಮೀಟರ್ ಎತ್ತರದ ಸುಣ್ಣಕಲ್ಲಿನ ಬೆಟ್ಟವೊಂದಿದೆ. ಅದರ ಹೆಸರು ಪಾರ್ನಾಸಸ್. ಐರೋಪ್ಯ ಭಾಷೆಗಳು ಈ ಹೆಸರನ್ನು ಶತಮಾನಗಳಿಂದ ಕಾವ್ಯಕ್ಕೆ ಪರ್ಯಾಯವಾಗಿ ಬಳಸುತ್ತ ಬಂದಿವೆ. ಕವಿಯಾಗುವುದೆಂದರೆ ಪಾರ್ನಾಸಸ್ಸನ್ನು ಏರುವುದು. ಒಂದು ನಾಡಿನ ಕವಿಸಮೂಹವೆಂದರೆ ಆ ನಾಡಿನ ಪಾರ್ನಾಸಸ್. 1600ರಲ್ಲಿ ಇಂಗ್ಲಿಷ್ ಕಾವ್ಯಭಾಗಗಳ ಸಂಗ್ರಹವೊಂದು ಹೊರಬಂದಾಗ ಅದಕ್ಕೆ 'ಇಂಗ್ಲೆಂಡ್ಸ್ ಪಾರ್ನಾಸಸ್' ಎಂದು ಹೆಸರಿಟ್ಟರು. 1874ರಲ್ಲಿ ಅಮೆರಿಕದ ಎಮರ್ಸನ್ ತಮಗೆ ಪ್ರಿಯವಾದ ಕವಿತೆಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದ ಸಂಕಲನಕ್ಕೂ 'ಪಾರ್ನಾಸಸ್' ಎಂದೇ ಹೆಸರು.

ನಾನು ಈ ಹೆಸರನ್ನು ಮೊದಲು ಕಂಡದ್ದು ಧಾರವಾಡದಲ್ಲಿ ಇಂಗ್ಲಿಷ್ ಎಂ.ಎ. ಓದುತ್ತಿದ್ದಾಗ, ಪಠ್ಯದ ಅಡಿಟಿಪ್ಪಣಿಯೊಂದರಲ್ಲಿ. ಗ್ರೀಸಿನ ಬೆಟ್ಟ, ಅಪೊಲೊ ದೇವನಿಗೂ ಒಂಬತ್ತು ಮಂದಿ ಮ್ಯೂಸ್ ದೇವಿಯರಿಗೂ ಪವಿತ್ರವಾದುದು ಎಂಬಷ್ಟೇ ವಿವರ ಅಲ್ಲಿತ್ತು. ಹಾವೇರಿ ಸೀಮೆಯ ಹಳ್ಳಿಯಿಂದ, ಕನ್ನಡ ಮಾಧ್ಯಮದಿಂದ ಬಂದವನು ನಾನು. ನನ್ನ ಟ್ರಂಕಿನಲ್ಲಿ ಇನ್ನೂರು ಪುಟದ ನೋಟುಬುಕ್ಕೊಂದರ ತುಂಬ ಕನ್ನಡ ಕವಿತೆಗಳಿದ್ದವು. ಅಡಿಟಿಪ್ಪಣಿಯ ಆ ಸಾಲು ನನ್ನನ್ನು ಯಾವ ರೀತಿಯಲ್ಲೂ ತಡೆಯಲಿಲ್ಲ. ಆದರೆ ಕಾವ್ಯವೆಂಬುದು ಎಲ್ಲೋ ಎತ್ತರದಲ್ಲಿ, ಹಿಮ ಬೀಳುವ ಜಾಗದಲ್ಲಿ, ನಮ್ಮ ಮನೆಯ ಮಾತು ತಲುಪದ ಕಡೆ ಇದೆ ಎಂಬ ಭಾವನೆ ಅಲ್ಲಿಂದ ಮೆಲ್ಲಗೆ ಬೇರೂರಿತು. ಆಮೇಲೆ ಕೇಂದ್ರ ಸರ್ಕಾರದ ನೌಕರಿ ಸಿಕ್ಕಿತು, ಊರೂರಿಗೆ ವರ್ಗವಾಯಿತು, ಕಡತಗಳ ಮೇಲೆ ಟಿಪ್ಪಣಿ ಬರೆಯುವುದೇ ಬರವಣಿಗೆಯಾಯಿತು. ನೋಟುಬುಕ್ಕು ಊರಿನ ಅಟ್ಟದ ಮೇಲೆ ಉಳಿಯಿತು.

ಪುಣೆಗೆ ಬಂದ ಮೇಲೆ, ಓದಲು ಕೊಂಚ ಬಿಡುವು ದೊರೆತಾಗ, ಆ ಬೆಟ್ಟದ ಕಥೆಯನ್ನು ಬುಡದಿಂದ ತಿಳಿಯಬೇಕೆನಿಸಿತು. ಆಗ ಗೊತ್ತಾದ ಮೊದಲ ಸಂಗತಿಯೆಂದರೆ ಮ್ಯೂಸ್ ದೇವಿಯರ ಹಳೆಯ ನೆಲೆ ಪಾರ್ನಾಸಸ್ ಅಲ್ಲವೇ ಅಲ್ಲ ಎಂಬುದು. ಕ್ರಿಸ್ತಪೂರ್ವ 700ರ ಸುಮಾರಿಗೆ ಬಾಳಿದ ಹೆಸಿಯಡ್ ಕವಿ ಆ ದೇವಿಯರನ್ನು ಸಂಧಿಸಿದ್ದು ಅದರ ಆಗ್ನೇಯಕ್ಕಿರುವ ಹೆಲಿಕಾನ್ ಬೆಟ್ಟದಲ್ಲಿ. ಆಗ ಆತ ಕುರಿ ಕಾಯುತ್ತಿದ್ದ. ದೇವಿಯರು ಕುರುಬರನ್ನು ಹೊಟ್ಟೆಬಾಕರೆಂದು ಜರೆದು, ಆಮೇಲೆ ಅವನ ಕೈಗೆ ಲಾರೆಲ್ ಗಿಡದ ಕೋಲೊಂದನ್ನು ಕೊಟ್ಟು ಹಾಡೆಂದರಂತೆ. ಹೆಲಿಕಾನಿನ ಬುಡದಲ್ಲಿದ್ದ ತನ್ನ ಊರು ಆಸ್ಕ್ರಾವನ್ನು ಹೆಸಿಯಡ್ ಹೊಗಳುವುದಿಲ್ಲ. ಚಳಿಗಾಲದಲ್ಲಿ ಕೆಟ್ಟದ್ದು, ಬೇಸಿಗೆಯಲ್ಲಿ ಸಹಿಸಲಾಗದ್ದು ಎಂದು ಬೈಯುತ್ತಾನೆ. ಅವನ ಇನ್ನೊಂದು ಕಾವ್ಯದಲ್ಲಿ ಉಳುಮೆ, ಬಿತ್ತನೆ, ಕೊಯ್ಲಿನ ಕಾಲ ಇವುಗಳ ಮಾತಿದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಚ್ಚಿನ ಪಾಲು ಹೊಡೆದುಕೊಂಡ ತಮ್ಮನಿಗೆ ಹೇಳಿದ ಬುದ್ಧಿವಾದವಿದೆ. ಅಣ್ಣತಮ್ಮಂದಿರ ಪಾಲಿನ ಜಗಳವನ್ನು ಹತ್ತಿರದಿಂದ ಕಂಡು ಬೆಳೆದ ನನಗೆ ಈ ಕವಿ ನಮ್ಮ ಓಣಿಯವನೇ ಎನಿಸಿದ.

ಹಾಗಾದರೆ ಪಾರ್ನಾಸಸ್ಸಿಗೆ ಈ ಪಟ್ಟ ಬಂದದ್ದು ಹೇಗೆ? ಅದರ ಇಳಿಜಾರಿನಲ್ಲಿ ಅಪೊಲೊವಿನ ಕ್ಷೇತ್ರವಾದ ಡೆಲ್ಫಿ ಇದೆ. ಬಂಡೆಗಳ ನಡುವಿನಿಂದ ಹರಿಯುವ ಕಾಸ್ಟಾಲಿಯ ಚಿಲುಮೆ ಇದೆ. ಕಾಲಕ್ರಮದಲ್ಲಿ ಎರಡು ಬೆಟ್ಟಗಳ ಕಥೆಗಳು ಒಂದರೊಳಗೊಂದು ಬೆರೆತವು. ಈ ಬೆರಕೆಯನ್ನು ಪ್ರಚಾರಕ್ಕೆ ತಂದವರಲ್ಲಿ ಬಹುಮಂದಿ ಹೊರಗಿನವರು, ಲ್ಯಾಟಿನ್ ಭಾಷೆಯ ಕವಿಗಳು. ಮೊದಲ ಶತಮಾನದ ಹೊತ್ತಿಗಾಗಲೇ ಈ ಮಾತು ಎಷ್ಟು ಸವೆದಿತ್ತೆಂದರೆ, ರೋಮಿನ ಪರ್ಸಿಯಸ್ ಎಂಬ ವಿಡಂಬನಕವಿ ತಾನೇನೂ ಎರಡು ಶಿಖರದ ಪಾರ್ನಾಸಸ್ಸಿನ ಮೇಲೆ ಮಲಗಿ ಕನಸು ಕಂಡು ಕವಿಯಾದವನಲ್ಲ ಎಂದು ಕುಟುಕಿದ. ಆದರೂ ಹೆಸರು ಬಾಳಿತು. ದಾಂತೆ ತನ್ನ ಸ್ವರ್ಗಖಂಡದ ಆರಂಭದಲ್ಲಿ ಅದರ ಎರಡೂ ಶಿಖರಗಳ ನೆರವು ಬೇಡಿದ. ರಾಫೆಲ್ 1510ರ ಆಸುಪಾಸಿನಲ್ಲಿ ವ್ಯಾಟಿಕನ್ನಿನ ಗೋಡೆಯ ಮೇಲೆ ಅದನ್ನು ಚಿತ್ರಿಸಿದ. ಅಲ್ಲಿ ಹೋಮರ್, ಸ್ಯಾಫೊ, ವರ್ಜಿಲ್, ದಾಂತೆ ಎಲ್ಲರೂ ಒಂದೇ ದಿಬ್ಬದ ಮೇಲಿದ್ದಾರೆ. ಅಪೊಲೊವಿನ ಕೈಯಲ್ಲಿ ಪುರಾತನ ಲೈರ್ ವಾದ್ಯದ ಬದಲು ರಾಫೆಲನ ಕಾಲದ ಪಿಟೀಲಿನಂಥ ವಾದ್ಯವಿದೆ. ದಾಂತೆಯಾಗಲಿ ರಾಫೆಲನಾಗಲಿ ಗ್ರೀಸಿನ ಆ ಬೆಟ್ಟವನ್ನು ಕಂಡವರಲ್ಲ. ಅದು ಕಾವ್ಯದ ಹೆಸರಾಗಿ ಬೆಳೆದದ್ದು ಬಹುಮಟ್ಟಿಗೆ ಅದರಿಂದ ದೂರವಿದ್ದವರ ಬಾಯಲ್ಲಿ.

ಬೆಟ್ಟವೆಂದ ಮೇಲೆ ಮೆಟ್ಟಿಲು ಬೇಕಲ್ಲ! ಲ್ಯಾಟಿನ್ ಪದ್ಯ ಕಟ್ಟುವ ಶಾಲಾ ಹುಡುಗರಿಗಾಗಿ ಸಮಾನಾರ್ಥಕ ಪದಗಳು, ವಿಶೇಷಣಗಳು, ಅಕ್ಷರಗಳ ಗುರುಲಘು ಎಲ್ಲವನ್ನೂ ಕೊಡುವ ಕೈಪಿಡಿಗಳು ಬಂದವು. ಅವುಗಳ ಹೆಸರು 'ಗ್ರಾಡುಸ್ ಆಡ್ ಪಾರ್ನಾಸುಮ್', ಎಂದರೆ ಪಾರ್ನಾಸಸ್ಸಿಗೆ ಮೆಟ್ಟಿಲು. 1725ರಲ್ಲಿ ವಿಯೆನ್ನಾದ ಫುಕ್ಸ್ ಸಂಗೀತರಚನೆಯ ಪಾಠವನ್ನು ಗುರುಶಿಷ್ಯರ ಸಂವಾದವಾಗಿ ಬರೆದು ಅದಕ್ಕೂ ಇದೇ ಹೆಸರಿಟ್ಟ. ಹೈಡನ್ ಅದನ್ನು ಓದಿ ತಾನೇ ಕಲಿತ. ನಮ್ಮ ಹಿರಿಯರು ಇಂಥ ಗ್ರಂಥಗಳಿಗೆ ಬೇರೆಯೇ ರೂಪಕಗಳನ್ನು ಹುಡುಕಿಕೊಂಡರು. ನಾಗವರ್ಮನ ಛಂದಸ್ಸಿನ ಗ್ರಂಥ ಒಂದು ಅಂಬುಧಿ, ಕೇಶಿರಾಜನ ವ್ಯಾಕರಣ ಒಂದು ದರ್ಪಣ, ಒಂಬತ್ತನೆಯ ಶತಮಾನದ ಅಲಂಕಾರಗ್ರಂಥ ಒಂದು ಮಾರ್ಗ. ಕಡಲಿಗೆ ಇಳಿಯಬಹುದು, ದಾರಿಯಲ್ಲಿ ಜೊತೆಯಾಗಿ ನಡೆಯಬಹುದು. ಶಿಖರದ ತೊಂದರೆಯೆಂದರೆ ಅಲ್ಲಿ ಜಾಗ ಕಡಿಮೆ.

ಆ ತೊಂದರೆ ಫ್ರಾನ್ಸಿನಲ್ಲಿ ಚೆನ್ನಾಗಿ ಪ್ರಕಟವಾಯಿತು. ಪ್ಯಾರಿಸ್ಸಿನ ದಕ್ಷಿಣದಂಚಿನಲ್ಲಿ ಕಲ್ಲುಗಣಿಯ ಕಸದ ಗುಡ್ಡೆಯೊಂದಿತ್ತು. ಹದಿನೇಳನೆಯ ಶತಮಾನದ ವಿದ್ಯಾರ್ಥಿಗಳು ಅದನ್ನೇರಿ ಪದ್ಯ ಹೇಳುತ್ತಿದ್ದರು, ತಮಾಷೆಗೆ ಅದನ್ನು ಪಾರ್ನಾಸಸ್ ಬೆಟ್ಟವೆಂದು ಕರೆಯುತ್ತಿದ್ದರು. ಮುಂದೆ ಗುಡ್ಡೆಯನ್ನು ಸಮತಟ್ಟು ಮಾಡಿ ರಸ್ತೆ ಹಾಕಿದರು. ಮೋಂಪಾರ್ನಾಸ್ ಎಂಬ ಹೆಸರು ಮಾತ್ರ ಇಂದಿಗೂ ಆ ಬಡಾವಣೆಗೆ ಅಂಟಿಕೊಂಡಿದೆ. ಕಸದ ಗುಡ್ಡೆಗೂ ಒಗ್ಗಿದ್ದ ಅದೇ ಹೆಸರಿಗೆ ಎರಡು ಶತಮಾನಗಳ ತರುವಾಯ ಬೇಲಿ ಬಿತ್ತು. ಲಕಾಂತ್ ದ ಲೀಲ್ ಮೊದಲಾದ ಕವಿಗಳು 'ಸಮಕಾಲೀನ ಪಾರ್ನಾಸಸ್' ಎಂಬ ಅರ್ಥದ ಸಂಕಲನಗಳನ್ನು 1866, 1871 ಮತ್ತು 1876ರಲ್ಲಿ ಹೊರತಂದರು. ಕೆತ್ತಿದ ಶಿಲ್ಪದಂಥ ನಿರ್ದುಷ್ಟ ಪದ್ಯ ಅವರ ಆದರ್ಶ. ಮೊದಲ ಸಂಪುಟದಲ್ಲಿ ವರ್ಲೇನ್, ಮಲಾರ್ಮೆ ಇಬ್ಬರೂ ಇದ್ದರು. ಮೂರನೆಯದಕ್ಕೆ ಕವಿತೆಗಳನ್ನು ಆಯ್ದ ಮೂವರ ಸಮಿತಿ ಆ ಇಬ್ಬರನ್ನೂ ಹೊರಗಿಟ್ಟಿತು. ಮಲಾರ್ಮೆಯ ತಿರಸ್ಕೃತ ಕವಿತೆ ಯಕ್ಷಸದೃಶನಾದ ಫಾನ್ ಎಂಬ ವನದೇವತೆಯ ಅಪರಾಹ್ನದ ಕುರಿತಾದದ್ದು. ಇಂದು ಫ್ರೆಂಚ್ ಕಾವ್ಯದ ಮೇರುಕೃತಿಗಳಲ್ಲಿ ಒಂದು.

ಮೂವರ ಸಮಿತಿಯ ಈ ಸಂಗತಿ ನನ್ನನ್ನು ಕಾಡಲು ಕಾರಣವಿದೆ. ಕಳೆದ ವರ್ಷ ನಮ್ಮ ಬಳಗದ ವಾರ್ಷಿಕ ಸಂಕಲನಕ್ಕೆ ಕವಿತೆಗಳನ್ನು ಆಯುವ ಕೆಲಸ ಮೂವರ ಮೇಲೆ ಬಿದ್ದಿತ್ತು, ಅವರಲ್ಲಿ ನಾನೊಬ್ಬ. ಬಂದ ಕವಿತೆಗಳಲ್ಲಿ ಒಂದು, ಪುಣೆಯಲ್ಲೇ ಹುಟ್ಟಿ ಬೆಳೆದ, ಕನ್ನಡ ಲಿಪಿಯನ್ನು ಮನೆಯಲ್ಲೇ ಕಲಿತ ಹದಿನೇಳರ ಹುಡುಗಿಯದು. ತೀರಿಕೊಂಡ ಅಜ್ಜಿಯ ಮೇಲಿನ ಪದ್ಯ. ಅದರಲ್ಲಿ 'ನೆನಪು' ಎಂಬ ಮಾತು ಬರಬೇಕಾದಲ್ಲೆಲ್ಲ 'ಆಠವಣ' ಎಂಬ ಮರಾಠಿ ಮಾತಿತ್ತು. ನಮ್ಮಲ್ಲಿ ಹಿರಿಯರೊಬ್ಬರು, ಮೈಸೂರು ಕಡೆಯವರು, ಕನ್ನಡವನ್ನು ಪ್ರಾಣಕ್ಕಿಂತ ಹೆಚ್ಚಾಗಿ ಕಾಪಾಡಿಕೊಂಡು ಬಂದವರು, ಒಪ್ಪಲಿಲ್ಲ. "ನೆನಪು ಅನ್ನುವಂಥ ಮಾತನ್ನೇ ಬಿಟ್ಟುಕೊಟ್ಟರೆ ಇಲ್ಲಿ ನಮಗೆ ಇನ್ನೇನು ಉಳಿಯುತ್ತದೆ?" ಎಂದರು. ಅದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಹೊರನಾಡಿನಲ್ಲಿ ನಮ್ಮ ಮಕ್ಕಳ ಬಾಯಿಂದ ಕನ್ನಡದ ಮಾತು ಒಂದೊಂದಾಗಿ ಉದುರುವುದನ್ನು ದಿನವೂ ಕಾಣುವವರು ನಾವು.

ಪದವನ್ನು ಬದಲಿಸಬಹುದೇ ಎಂದು ಹುಡುಗಿಯನ್ನು ಕೇಳುವ ಹೊಣೆ ನನಗೆ ಬಂತು. ಫೋನಿನಲ್ಲಿ ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಮ್ಮ ಅಜ್ಜಿ ಸೊಲ್ಲಾಪುರದಾಕಿ, ಕಾಕಾ. ಆಕಿ ಹಂಗs ಅಂತಿದ್ಲು. ನೆನಪು ಅಂತ ಬರದ್ರ ಅದು ಆಕಿ ಮಾತು ಆಗೂದಿಲ್ಲ" ಎಂದಳು. ಮರಾಠಿ ಬೆರೆತ ಆ ಮಾತು ಅವಳ ಪಾಲಿಗೆ ಕನ್ನಡವೇ, ಅಜ್ಜಿಯಿಂದ ಬಂದದ್ದು.

ಇಂಗ್ಲಿಷಿನಿಂದ ಕನ್ನಡಕ್ಕೆ ಮರಳಿದ ಕುವೆಂಪು ನನಗೆ ಇಲ್ಲಿ ನೆನಪಾದರು. 1922ರಲ್ಲಿ ಪ್ರಕಟವಾದ ಅವರ ಮೊದಲ ಇಂಗ್ಲಿಷ್ ಕವನಗಳ ಹೊತ್ತಗೆಯ ಹೆಸರು 'ಬಿಗಿನರ್ಸ್ ಮ್ಯೂಸ್'. ಆ ಶೀರ್ಷಿಕೆಯಲ್ಲಿ ಗ್ರೀಕ್ ಬೆಟ್ಟದ ದೇವಿಯೇ ಇದ್ದಾಳೆ. ಐರಿಷ್ ಕವಿ ಜೇಮ್ಸ್ ಕಸಿನ್ಸ್ ತಾಯ್ನುಡಿಯಲ್ಲಿ ಬರೆಯಿರೆಂದು ಸಲಹೆ ಕೊಟ್ಟದ್ದೂ, ಆಮೇಲೆ ನಡೆದದ್ದೂ ಎಲ್ಲರಿಗೂ ಗೊತ್ತಿರುವ ವಿಷಯ. ಕುವೆಂಪು ಕವಿಗಳ ಬೆಟ್ಟವನ್ನೂ ದೂರದಿಂದ ತರಿಸಿಕೊಳ್ಳಲಿಲ್ಲ. ಕುಪ್ಪಳಿಯ ಮನೆಯ ಮೇಲಣ ಬಂಡೆಗಲ್ಲಿನ ಗುಡ್ಡವನ್ನೇ ಕವಿಶೈಲವೆಂದರು. ಬೆಟ್ಟ ಯಾವುದೆಂದು ಗೊತ್ತುಮಾಡುವ ಅಧಿಕಾರ ಅದರ ಬುಡದಲ್ಲಿ ಬೆಳೆದವರಿಗೆ ಇದೆಯೆಂದು ಇದರಿಂದ ನಾನು ತಿಳಿದುಕೊಂಡೆ. ಆ ಹುಡುಗಿ ಬೆಳೆದದ್ದು ಅಜ್ಜಿಯ ಮಾತಿನ ಬುಡದಲ್ಲಿ.

ನಾನು ಇಷ್ಟನ್ನು ಸಮಿತಿಯ ಮುಂದಿಟ್ಟೆ. ಹಿರಿಯರು ಪದ್ಯವನ್ನು ಇನ್ನೊಮ್ಮೆ ಗಟ್ಟಿಯಾಗಿ ಓದಿಸಿ ಕೇಳಿದರು. ಆಮೇಲೆ, "ಇರಲಿ. ಆದರೆ ಅವಳು ಮುಂದಿನ ಸಲವೂ ಬರೆಯಬೇಕು, ಅದು ನನ್ನ ಷರತ್ತು" ಎಂದರು. ಕವಿತೆ ಒಂದಕ್ಷರವೂ ಬದಲಾಗದೆ ಅಚ್ಚಾಯಿತು.

ಬೈರನ್ ಕವಿ 1809ರ ಡಿಸೆಂಬರಿನಲ್ಲಿ ಪಾರ್ನಾಸಸ್ಸಿನ ಬಳಿಗೆ ಹೋದಾಗ ಅಲ್ಲಿಯವರು ಅದನ್ನು ಲಿಯಾಕುರಾ ಎಂದು ಕರೆಯುತ್ತಿದ್ದರು. ಡೆಲ್ಫಿಯ ಅವಶೇಷಗಳ ಮೇಲೆ ಕಸ್ತ್ರಿ ಎಂಬ ಬಡ ಹಳ್ಳಿಯಿತ್ತು. 1892ರಲ್ಲಿ ಫ್ರೆಂಚರು ಉತ್ಖನನ ತೊಡಗುವ ಹೊತ್ತಿಗೆ ಅದನ್ನು ಅಲ್ಲಿಂದ ಎತ್ತಿ ಬೇರೆಡೆ ನೆಲೆಗೊಳಿಸಬೇಕಾಯಿತು. ಈಗ ಆ ಬೆಟ್ಟದಲ್ಲಿ ಹಿಮದ ಮೇಲೆ ಜಾರುವ ಆಟಕ್ಕೆ ಜನ ಬರುತ್ತಾರೆ. ಆ ಸೀಮೆಯಲ್ಲಿ ಅಲ್ಯೂಮಿನಿಯಮ್ಮಿಗಾಗಿ ಬಾಕ್ಸೈಟ್ ಅಗೆಯುತ್ತಾರೆ. ಕಾವ್ಯದ ಪಾರ್ನಾಸಸ್ಸಿಗೆ ಇದರಿಂದ ಯಾವ ಊನವೂ ಆಗಿಲ್ಲ; ಅದು ಎಂದೋ ಊರು ಬಿಟ್ಟು ಹೊರಟುಬಂದಿತ್ತು, ಹೋದಹೋದಲ್ಲಿ ಅಲ್ಲಿಯ ವಾದ್ಯವನ್ನು ಕೈಗೆತ್ತಿಕೊಂಡಿತ್ತು. ಊರು ಬಿಟ್ಟು ಬಂದ ನಮ್ಮ ಮಾತಿಗೂ ಆ ಸಲಿಗೆ ಇರಲಿ ಎಂದು ನನ್ನ ಆಸೆ. ಈ ಸಲದ ಸಂಕಲನಕ್ಕೆ ಆ ಹುಡುಗಿ ಎರಡು ಕವಿತೆ ಕಳಿಸಿದ್ದಾಳೆ. ನಾನೂ ಒಂದು ಕಳಿಸಿದ್ದೇನೆ. ಆಯ್ಕೆಸಮಿತಿಯಲ್ಲಿ ಈ ವರ್ಷ ನಾನಿಲ್ಲ.