ಹಾಡು ಬರಲ್ಲ ಅನ್ನಿಸಿಕೊಂಡವಳ ಪಾಠಶಾಲೆ

ಒಪೆರಾ ಅಂದರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಭಾಷೆ ಅರ್ಥವಾಗಲ್ಲ, ಸಾಯುವ ಪಾತ್ರ ಸಾಯೋ ಮುಂಚೆ ಹತ್ತು ನಿಮಿಷ ಹಾಡುತ್ತೆ, ಜನ ಎದ್ದು ನಿಂತು ಚಪ್ಪಾಳೆ ಹೊಡೀತಾರೆ. ಹೀಗಿರುವ ನಾನು ಕೆಲವು ವಾರಗಳಿಂದ ಒಬ್ಬ ಜರ್ಮನ್ ಗಾಯಕಿಯ ಬೆನ್ನು ಹತ್ತಿದ್ದೇನೆ. ಹೆಸರು ಲೊಟ್ಟೆ ಲೆಹ್ಮನ್. ನಗಬೇಡಿ ಮಾರಾಯ್ರೆ, ನಮ್ಮ ಕನ್ನಡದ ಲೊಟ್ಟೆಗೂ ಆ ಹೆಸರಿಗೂ ಯಾವ ಸಂಬಂಧವೂ ಇಲ್ಲ. (ಪೂರ್ತಿ ಇಲ್ಲ ಅಂತ ಹೇಳೋ ಹಾಗೂ ಇಲ್ಲ, ಅದನ್ನು ಮುಂದೆ ಹೇಳ್ತೀನಿ.)

ನಿಮಗೆ ಈಕೆಯ ಪರಿಚಯ ಮಾಡಿಸೋಕೆ ಒಂದು ಸುಲಭದ ದಾರಿ ಇದೆ. 'ದಿ ಸೌಂಡ್ ಆಫ್ ಮ್ಯೂಸಿಕ್' ನೋಡಿದ್ದೀರಲ್ಲ? ಆ ಸಿನಿಮಾಕ್ಕೆ ಮೂಲವಾದ ನಿಜವಾದ ಟ್ರಾಪ್ ಕುಟುಂಬದವರು ಮನೆಯಲ್ಲಿ ತಮ್ಮ ಪಾಡಿಗೆ ಹಾಡಿಕೊಳ್ಳುತ್ತಿದ್ದರು. 1936ರಲ್ಲಿ ಸಾಲ್ಜ್‌ಬರ್ಗ್‌ನಲ್ಲಿ ಅವರ ಹಾಡು ಕೇಳಿ, ಇದನ್ನು ಮನೆಯೊಳಗೇ ಇಟ್ಟುಕೊಳ್ಳಬೇಡಿ, ಸ್ಪರ್ಧೆಗೆ ಹೋಗಿ ಅಂತ ಹಟ ಹಿಡಿದಾಕೆ ಇದೇ ಲೆಹ್ಮನ್. ಬೇರೆಯವರ ಕಂಠದಲ್ಲಿ ಏನಿದೆ ಅಂತ ಗುರುತಿಸುವ ಕಿವಿ ಆಕೆಗೆ ಆಗಲೇ ಇತ್ತು.

ಆಕೆಯ ಕಂಠವನ್ನು ಮಾತ್ರ ಮೊದಲಿಗೆ ಯಾರೂ ಗುರುತಿಸಲಿಲ್ಲ. ಹುಟ್ಟಿದ್ದು 1888ರಲ್ಲಿ, ಪೆರ್ಲೆಬರ್ಗ್ ಅನ್ನುವ ಸಣ್ಣ ಊರಲ್ಲಿ. ದೊಡ್ಡ ಸಿರಿವಂತರೇನಲ್ಲ. ಬರ್ಲಿನ್‌ಗೆ ಬಂದು ಸಂಗೀತ ಕಲಿಯೋಕೆ ಶುರು ಮಾಡಿದಳು. ಎಟೆಲ್ಕಾ ಗೆರ್ಸ್ಟರ್ ಅನ್ನುವ ಹೆಸರಾಂತ ಗಾಯಕಿಯ ಶಾಲೆಗೆ ಸೇರಿದಳು. ಅಲ್ಲಿ ಒಂದಿಷ್ಟು ಕಾಲ ನೋಡಿ, ಈ ಹುಡುಗಿಗೆ ಕಲಿಸಿ ಪ್ರಯೋಜನವಿಲ್ಲ ಅಂತ ಹೊರಗೆ ಕಳಿಸಿಬಿಟ್ಟರು!

ನಮ್ಮಲ್ಲಿ ಇದಕ್ಕೊಂದು ಚೆಂದದ ಪದ ಇದೆ, 'ಶಾರೀರ ಇಲ್ಲ' ಅಂತ. ನನ್ನ ಅಕ್ಕನಿಗೆ ಹತ್ತು ವರ್ಷವಿದ್ದಾಗ ಸಂಗೀತದ ಮೇಷ್ಟ್ರೊಬ್ಬರು ಈ ಮಾತನ್ನ ಅಮ್ಮನ ಎದುರಿಗೇ ಹೇಳಿದ್ದರು. ಅವತ್ತಿನಿಂದ ಅಕ್ಕ ದೇವರ ಮನೆಯಲ್ಲೂ ಗಟ್ಟಿಯಾಗಿ ಹಾಡಿದ್ದನ್ನ ನಾನು ಕೇಳಿಲ್ಲ. ಒಂದು ಮಾತು ಎಷ್ಟು ದೂರ ಹೋಗುತ್ತೆ ನೋಡಿ.

ಲೆಹ್ಮನ್ ಮಾತ್ರ ಬಾಯಿ ಮುಚ್ಚಲಿಲ್ಲ. ಮಟಿಲ್ಡ ಮಾಲಿಂಗರ್ ಅನ್ನುವ ಹಿರಿಯ ಗಾಯಕಿಯ ಹತ್ತಿರ ಹೋದಳು. ವಾಗ್ನರ್‌ನ 'ಡೀ ಮೈಸ್ಟರ್‌ಸಿಂಗರ್' 1868ರಲ್ಲಿ ಮೊದಲ ಸಲ ರಂಗಕ್ಕೆ ಬಂದಾಗ ಎವಾ ಪಾತ್ರ ಮಾಡಿದಾಕೆ ಈ ಮಾಲಿಂಗರ್. ಆಕೆ ಕಲಿಸಿದಳು. 1910ರಲ್ಲಿ ಹ್ಯಾಂಬರ್ಗ್‌ನಲ್ಲಿ ಮೊಜಾರ್ಟ್‌ನ 'ಮ್ಯಾಜಿಕ್ ಫ್ಲೂಟ್'ನ ಮೂವರು ಹುಡುಗರಲ್ಲಿ ಒಬ್ಬನ ಪಾತ್ರ ಸಿಕ್ಕಿತು. ಮುಂದೆ ಎರಡು ವರ್ಷಕ್ಕೆ 'ಲೋಹೆಂಗ್ರಿನ್'ನ ಎಲ್ಸಾ ಆಗಿ ಹೆಸರು ಮಾಡಿದಳು. 1916ರ ಹೊತ್ತಿಗೆ ವಿಯೆನ್ನಾ.

ವಿಯೆನ್ನಾದಲ್ಲಿ ಅದೃಷ್ಟ ಬೇರೆ ಕೂಡಿ ಬಂತು. ರಿಚರ್ಡ್ ಸ್ಟ್ರಾಸ್ ತನ್ನ 'ಅರಿಯಾಡ್ನೆ'ಯ ಹೊಸ ರೂಪವನ್ನು ರಂಗಕ್ಕೆ ತರುತ್ತಿದ್ದ. ತಾಲೀಮಿಗೆ ಮುಖ್ಯ ಗಾಯಕಿ ಬರಲಾಗಲಿಲ್ಲ, ಬದಲಿಗೆ ನಿಂತವಳು ಲೆಹ್ಮನ್. ಸ್ಟ್ರಾಸ್ ಕೇಳಿದ, ಪಾತ್ರ ಅವಳಿಗೇ ಉಳಿಯಿತು. ಆಮೇಲೆ ಆತನ ಎಷ್ಟೋ ಪಾತ್ರಗಳಿಗೆ ಇವಳದ್ದೇ ದನಿ. 'ಡೆರ್ ರೋಸನ್‌ಕವಲಿಯರ್'ನ ಮೂರು ಮುಖ್ಯ ಸ್ತ್ರೀಕಂಠದ ಪಾತ್ರಗಳನ್ನೂ, ಸೋಫಿ, ಆಕ್ಟೇವಿಯನ್, ಮಾರ್ಷಲಿನ್, ಬೇರೆಬೇರೆ ಕಾಲದಲ್ಲಿ ಹಾಡಿದಳು. ಇವತ್ತಿಗೂ ಜನ ನೆನೆಸಿಕೊಳ್ಳೋದು ಆ ಮಾರ್ಷಲಿನ್‌ಳನ್ನ. ವಯಸ್ಸು ಜಾರುತ್ತಿದೆ ಅಂತ ಕನ್ನಡಿಯಲ್ಲಿ ಕಂಡುಕೊಂಡು, ತನ್ನ ಕಿರಿಯ ಪ್ರಿಯಕರನನ್ನು ಇನ್ನೊಬ್ಬಳಿಗೆ ಬಿಟ್ಟುಕೊಡುವ ಹೆಂಗಸು ಅವಳು.

ಒಂದು ವಿಷಯ ಹೇಳಲೇಬೇಕು. ಲೆಹ್ಮನ್‌ಳ ಹಾಡಿಕೆಯಲ್ಲಿ ದೋಷ ಇತ್ತು. ಉಸಿರು ಸಾಲುತ್ತಿರಲಿಲ್ಲ, ಸಾಲಿನ ನಡುವೆ ಎಲ್ಲೆಂದರಲ್ಲಿ ಉಸಿರು ತೆಗೆದುಕೊಳ್ಳುತ್ತಿದ್ದಳು. 1935ರಲ್ಲಿ ಬ್ರೂನೋ ವಾಲ್ಟರ್ ಜೊತೆ ವಿಯೆನ್ನಾದಲ್ಲಿ ಮಾಡಿದ 'ಡೀ ವಾಲ್ಕ್ಯೂರ'ದ ಮೊದಲ ಅಂಕದ ಧ್ವನಿಮುದ್ರಣ ಸಿಗುತ್ತೆ, ಕೇಳಿ ನೋಡಿ. ನನ್ನಂಥ ಒಪೆರಾ ಗೊತ್ತಿಲ್ಲದವನಿಗೂ ಆ ಉಸಿರು ಕೇಳಿಸಿತು. ಆದರೆ ಅದು ಹಾಡುವವಳ ಉಸಿರು ಅನ್ನಿಸಲಿಲ್ಲ, ಆ ಪಾತ್ರದ ಏದುಸಿರು ಅನ್ನಿಸಿತು.

ಈಗ ಆ ಲೊಟ್ಟೆ ವಿಷಯ. 1934ರಲ್ಲಿ ಗೋರಿಂಗ್ ಆಕೆಯನ್ನು ಬರ್ಲಿನ್‌ಗೆ ಕರೆಸಿಕೊಂಡ. ಭಾರಿ ಸಂಬಳದ ಆಸೆ ತೋರಿಸಿ, ಜರ್ಮನಿಯಲ್ಲಿ ಮಾತ್ರ ಹಾಡಬೇಕು ಅಂದ, ನಾನು ಒಲ್ಲೆ ಅಂದೆ ಅಂತ ಲೆಹ್ಮನ್ ಜೀವನಪೂರ್ತಿ ಹೇಳಿಕೊಂಡು ಬಂದಳು. ಆದರೆ ಇತಿಹಾಸಕಾರ ಮೈಕೆಲ್ ಕಾಟರ್ ದಾಖಲೆಗಳನ್ನೆಲ್ಲ ತಿರುವಿ 2008ರಲ್ಲಿ ಆಕೆಯ ಜೀವನಚರಿತ್ರೆ ಬರೆದಾಗ, ಚಿತ್ರ ಅಷ್ಟು ಸರಳವಾಗಿ ಉಳಿಯಲಿಲ್ಲ. ಆಕೆಗೂ ಆ ಒಪ್ಪಂದದ ಮೇಲೆ ಮನಸ್ಸಿತ್ತು, ಚೌಕಾಶಿಯೂ ನಡೆದಿತ್ತು, ಕೊನೆಗೆ ಅದು ಮುರಿದುಬಿತ್ತು ಅನ್ನುತ್ತಾನೆ ಆತ.

ಓದಿದಾಗ ನನಗೆ ಸ್ವಲ್ಪ ಬೇಜಾರಾಯ್ತು, ಸುಳ್ಳು ಹೇಳಲ್ಲ. ನಾವು ಇಷ್ಟಪಡುವವರು ವೀರರೇ ಆಗಿರಬೇಕು ಅಂತ ಯಾಕೆ ಬಯಸ್ತೀವೋ! ಆದರೆ ಮುಂದಿನದರಲ್ಲಿ ಲೊಟ್ಟೆ ಇಲ್ಲ. ಆಕೆಯ ಗಂಡ ಒಟ್ಟೋ ಕ್ರೌಸನಿಗೆ ಮೊದಲ ಮದುವೆಯಿಂದ ನಾಲ್ಕು ಮಕ್ಕಳು, ಆ ಮಕ್ಕಳ ತಾಯಿ ಯಹೂದಿ. 1938ರ ಮಾರ್ಚ್‌ನಲ್ಲಿ ಹಿಟ್ಲರ್ ಆಸ್ಟ್ರಿಯಾ ನುಂಗಿದಾಗ ಆ ಮಕ್ಕಳನ್ನು ಅಲ್ಲಿಂದ ಹೊರತರಬೇಕಾಯಿತು. ಅದೇ ಮೇ ತಿಂಗಳಲ್ಲಿ ಲಂಡನ್‌ನ ಕಾವೆಂಟ್ ಗಾರ್ಡನ್‌ನಲ್ಲಿ ಮಾರ್ಷಲಿನ್ ಹಾಡುತ್ತಿದ್ದವಳು ನಡುವೆಯೇ, ಇನ್ನು ನನ್ನಿಂದ ಆಗಲ್ಲ ಅಂತ ನಿಲ್ಲಿಸಿ ರಂಗದಿಂದ ಹೊರನಡೆದಳು. ಆ ವರ್ಷವೇ ಅಮೆರಿಕ. ಮರುವರ್ಷ ಜನವರಿಯಲ್ಲಿ ಕ್ಷಯದಿಂದ ಗಂಡ ತೀರಿಕೊಂಡ.

ಐವತ್ತು ದಾಟಿದ ವಯಸ್ಸು, ಊರಿಲ್ಲ, ಗಂಡನಿಲ್ಲ, ಗಂಟಲು ಎಷ್ಟು ದಿನವೋ ಗೊತ್ತಿಲ್ಲ. ಇಂಥ ಹೊತ್ತಲ್ಲಿ ಕ್ಯಾಲಿಫೋರ್ನಿಯಾದ ಸಾಂಟಾ ಬಾರ್ಬರಾದಲ್ಲಿ ನೆಲೆ ನಿಂತಳು. 1947ರಲ್ಲಿ ಅಲ್ಲಿನ ಸಂಗೀತಪ್ರೇಮಿಗಳು ಮತ್ತು ಕಲಾವಿದರ ಜೊತೆ ಸೇರಿ 'ಮ್ಯೂಸಿಕ್ ಅಕಾಡೆಮಿ ಆಫ್ ದಿ ವೆಸ್ಟ್' ಶುರು ಮಾಡಿದಳು. ಹ್ಯಾಂಬರ್ಗ್ ದಿನಗಳ ಪರಿಚಯದ ಆಟೋ ಕ್ಲೆಂಪರರ್ ಕೂಡ ಸ್ಥಾಪಕರಲ್ಲೊಬ್ಬ. ಮೊದಲ ಬೇಸಿಗೆಯ ಪಾಠಗಳು ಕಾರ್ಪಿಂಟೇರಿಯಾದ ಒಂದು ಶಾಲೆಯ ಜಾಗದಲ್ಲಿ ನಡೆದವು. ಸ್ವಂತದ ಜಾಗ, ಮೋಂಟೆಸಿಟೋದ ಮಿರಾಫ್ಲೋರೆಸ್ ತೋಟ, ಸಿಕ್ಕಿದ್ದು 1951ರಲ್ಲಿ.

ಆ ವರ್ಷದ ಫೆಬ್ರವರಿ 16ರಂದೇ ನ್ಯೂಯಾರ್ಕ್‌ನ ಟೌನ್ ಹಾಲ್‌ನಲ್ಲಿ ಆಕೆ ವಿದಾಯ ಹೇಳಿದ್ದು. ಕಛೇರಿಯ ನಡುವೆ ಇದೇ ಕೊನೆ ಅಂದಾಗ ಸಭೆಯಲ್ಲಿ ಬೇಡ ಬೇಡ ಅಂತ ಕೂಗು. ಕೊನೆಗೆ ಸಂಗೀತಕ್ಕೇ ಕೃತಜ್ಞತೆ ಹೇಳುವ ಶೂಬರ್ಟ್‌ನ ಹಾಡು ಎತ್ತಿಕೊಂಡಳು. ಕೊನೆಯ ಪದಗಳು ಬರಲಿಲ್ಲ, ಮುಖ ಮುಚ್ಚಿಕೊಂಡಳು, ಪಿಯಾನೋ ಒಂದೇ ಹಾಡು ಮುಗಿಸಿತು. ಇದರ ಧ್ವನಿಮುದ್ರಣವೂ ಇದೆ. ನಾನು ಎರಡನೇ ಸಲ ಕೇಳಲಿಲ್ಲ.

ಹಾಗಾದರೆ ಆಕೆ ಏನು ಕಲಿಸುತ್ತಿದ್ದಳು? ಉಸಿರಿನ ವಿದ್ಯೆಯನ್ನಲ್ಲ! ಆಕೆಯ ಪಾಠ ಪದದ್ದು: ಈ ಸಾಲು ಯಾರು ಹೇಳುತ್ತಿದ್ದಾರೆ, ಯಾಕೆ ಹೇಳುತ್ತಿದ್ದಾರೆ. ಸಭಿಕರ ಮುಂದೆಯೇ ಪಾಠ ನಡೆಯುತ್ತಿತ್ತು, ತಾನೇ ಪಾತ್ರವಾಗಿ ಅಭಿನಯಿಸಿ ತೋರಿಸುತ್ತಿದ್ದಳು. ಸಾಧು ಸ್ವಭಾವವೇನಲ್ಲ. ಮುಂದೆ ಜಗತ್ಪ್ರಸಿದ್ಧಳಾದ ಮೆರಿಲಿನ್ ಹಾರ್ನ್ ಜರ್ಮನ್ ಉಚ್ಚಾರಣೆಗಾಗಿ ಎಲ್ಲರೆದುರು ಬೈಸಿಕೊಂಡಿದ್ದಳು. ಅದೇ ಹಾರ್ನ್ 1997ರಲ್ಲಿ ಅದೇ ಅಕಾಡೆಮಿಯ ಗಾಯನ ವಿಭಾಗದ ಹೊಣೆ ಹೊತ್ತಳು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗ್ರೇಸ್ ಬಂಬ್ರಿಯ ಕತೆ. ಸೇಂಟ್ ಲೂಯಿಸ್‌ನ ಕಪ್ಪು ಹುಡುಗಿ. ಹದಿನೇಳನೇ ವಯಸ್ಸಿಗೆ ರೇಡಿಯೋ ಸ್ಪರ್ಧೆ ಗೆದ್ದಳು. ಬಹುಮಾನದಲ್ಲಿ ಊರಿನ ಸಂಗೀತ ಸಂಸ್ಥೆಯ ವಿದ್ಯಾರ್ಥಿವೇತನವೂ ಸೇರಿತ್ತು. ಬಣ್ಣ ನೋಡಿ ಸಂಸ್ಥೆಯವರು ಸೇರಿಸಿಕೊಳ್ಳಲಿಲ್ಲ, ಬೇಕಿದ್ದರೆ ಬೇರೆಯಾಗಿ ಪಾಠ ಹೇಳ್ತೀವಿ ಅಂದರು. ತಾಯಿ ಖಡಾಖಂಡಿತ ಬೇಡ ಅಂದರು. ಮುಂದೆ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಈ ಹುಡುಗಿಯ ಹಾಡು ಕೇಳಿದ ಲೆಹ್ಮನ್ ಸಾಂಟಾ ಬಾರ್ಬರಾಗೆ ಕರೆದಳು. ಒಂದು ಬೇಸಿಗೆಗೆ ಅಂತ ಹೋದವಳು ಮೂರು ವರ್ಷಕ್ಕೂ ಮಿಕ್ಕಿ ಕಲಿತಳು. 1961ರಲ್ಲಿ ಬೈರಾಯ್ಟ್‌ನಲ್ಲಿ, ವಾಗ್ನರ್‌ನ ಸ್ವಂತ ರಂಗಮಂದಿರದಲ್ಲಿ, ಆತನ ಮೊಮ್ಮಗನೇ ಬಂಬ್ರಿಯನ್ನು ವೀನಸ್ ಪಾತ್ರಕ್ಕೆ ಆರಿಸಿದ. ಜರ್ಮನಿಯ ಪತ್ರಿಕೆಗಳಲ್ಲಿ ಗುಲ್ಲೆದ್ದಿತು. ಪರದೆ ಬಿದ್ದ ಮೇಲೆ ಅರ್ಧ ಗಂಟೆ ಚಪ್ಪಾಳೆ, ನಲವತ್ತೆರಡು ಸಲ ಕರೆ!

ಹಿಟ್ಲರ್ ಪೂಜಿಸುತ್ತಿದ್ದ ವೇದಿಕೆಯದು. ಅಲ್ಲಿಗೆ ಲೆಹ್ಮನ್ ಕಳಿಸಿದ ಉತ್ತರ ಇದೇ ಅನ್ನಿಸಿತು ನನಗೆ. ಗೋರಿಂಗ್‌ಗೆ ಆಕೆ ಅಂದು ಏನಂದಳೋ ಅದು ಹೇಗೂ ಇರಲಿ.

ಲೆಹ್ಮನ್ ತೀರಿಕೊಂಡಿದ್ದು 1976ರ ಆಗಸ್ಟ್ 26ರಂದು, ಸಾಂಟಾ ಬಾರ್ಬರಾದಲ್ಲಿ. ಸಮಾಧಿ ಮಾತ್ರ ವಿಯೆನ್ನಾದಲ್ಲಿ. ಅಕಾಡೆಮಿ ಈಗಲೂ ಪ್ರತಿ ಬೇಸಿಗೆ ನಡೆಯುತ್ತೆ, ಆಯ್ಕೆಯಾದವರಿಗೆ ಶುಲ್ಕವಿಲ್ಲ. ಒಬ್ಬಳನ್ನು ಲಾಯಕ್ಕಿಲ್ಲ ಅಂತ ಹೊರಗೆ ಹಾಕಿದರು, ಇನ್ನೊಬ್ಬಳನ್ನು ಬಣ್ಣ ನೋಡಿ ಬಾಗಿಲಲ್ಲೇ ತಡೆದರು. ಇಬ್ಬರೂ ಒಂದೇ ಕೋಣೆಯಲ್ಲಿ ಕೂತು ಒಂದು ಸಾಲು ಹಾಡಿನ ಅರ್ಥಕ್ಕಾಗಿ ತಲೆ ಕೆಡಿಸಿಕೊಂಡರಲ್ಲ, ಅದಕ್ಕಿಂತ ದೊಡ್ಡ ಸಂಗೀತಶಾಲೆ ಇನ್ನೇನು ಬೇಕು ಹೇಳಿ?