ಬರೆದುಕೊಡುವಿರಾ?

ಗ್ರಾಚ್ಯುಟಿ ಹಣ ಕೈಸೇರಿದ ವರ್ಷ ಮಂಗಳೂರಿನ ಮಾಲೊಂದರಲ್ಲಿ ಅದೃಷ್ಟದ ಚೀಟಿ ತುಂಬಿದ್ದೆ. "ಬಹುಮಾನ ಬಂದಿದೆ, ದಂಪತಿಗಳಾಗಿ ಬನ್ನಿ" ಎಂಬ ಕರೆ ಬಂತು. ಹೋಟೆಲಿನ ಸಭಾಂಗಣದಲ್ಲಿ ಮಗನ ವಯಸ್ಸಿನ ತರುಣನೊಬ್ಬ ಎರಡು ಗಂಟೆ ವಿವರಿಸಿದ: 25 ವರ್ಷಗಳ ಸದಸ್ಯತ್ವ, ವರ್ಷಕ್ಕೆ 7 ದಿನ ರೆಸಾರ್ಟ್ ವಾಸ, ಬಯಸಿದ ದಿನ ಕೋಣೆ, ಬೇಡವಾದರೆ ಹಣ ವಾಪಸು. ಆದರೆ ಈ ದರ ಇಂದಿಗಷ್ಟೇ!

ಮದುವೆಯಾದಂದಿನಿಂದ ಊಟಿ ತೋರಿಸುವೆನೆಂದು ಪತ್ನಿಗೆ ಹೇಳುತ್ತಲೇ ಬಂದವನು ನಾನು. ಆ ಋಣಭಾರವೇ ನನ್ನ ಕೈಯನ್ನು ಪೆನ್ನಿನತ್ತ ಒಯ್ದಿತು.

ಆಗ ಆಕೆ ಮೆಲ್ಲನೆ ಕೇಳಿದಳು: "ನೀವು ಹೇಳಿದ್ದನ್ನೆಲ್ಲ ಬರೆದು, ಸಹಿ ಹಾಕಿ ಕೊಡುವಿರಾ?"

"ಮೇಡಂ, ನಮ್ಮ ಮೇಲೆ ನಂಬಿಕೆಯಿಲ್ಲವೇ?" ಎಂದ ಆತನ ಮುಖ ಬಾಡಿತ್ತು. ಮುದ್ರಿತ ಒಪ್ಪಂದವನ್ನು ಓದಿದೆವು. ಕೋಣೆ ಖಾಲಿಯಿದ್ದರೆ ಮಾತ್ರ. ವಾರ್ಷಿಕ ನಿರ್ವಹಣಾ ಶುಲ್ಕ ಪ್ರತ್ಯೇಕ. ಪ್ರತಿನಿಧಿಯ ಬಾಯಿಮಾತಿಗೆ ಸಂಸ್ಥೆ ಹೊಣೆಯಲ್ಲ. ಹಣ ವಾಪಸಿನ ಸೊಲ್ಲೇ ಇರಲಿಲ್ಲ.

ಲಿಖಿತ ಒಪ್ಪಂದಕ್ಕೆ ವಿರುದ್ಧವಾದ ಬಾಯಿಮಾತನ್ನು ನ್ಯಾಯಾಲಯ ಸಾಮಾನ್ಯವಾಗಿ ಪರಿಗಣಿಸದು. 1872ರ ಸಾಕ್ಷ್ಯ ಅಧಿನಿಯಮದ ಈ ತತ್ತ್ವ 2023ರ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಉಳಿದಿದೆ. ಸಹಿ ಹಾಕಿದ್ದರೆ, ಆ ಎರಡು ಗಂಟೆಯ ಮಾತು ನಮ್ಮ ಪಾಲಿಗೆ ಇಲ್ಲವೇ ಇಲ್ಲ.

ಸಹಿ ಹಾಕದೆ ಎದ್ದೆವು. "ತಿಂಗಳ ಗುರಿ ಮುಟ್ಟಬೇಕಿತ್ತು ಸರ್" ಎಂದ ತರುಣನ ದನಿಯಲ್ಲಿ ನೋವಿತ್ತು. ಬರಹ ಕೇಳುವುದು ಅಪನಂಬಿಕೆಯಲ್ಲ. ಮಾತಾಡಿದವನಿಗೂ ತನ್ನ ಮಾತನ್ನು ತೂಗಿನೋಡುವ ಅವಕಾಶವದು.

ಬಸ್ಸಿನಲ್ಲಿ ಪತ್ನಿ ನಕ್ಕು ಕೇಳಿದಳು: "ಊಟಿಯ ಮಾತನ್ನು ನೀವೂ ಬರೆದುಕೊಡುವಿರಾ?" ಮನೆಗೆ ಬಂದವನೇ ಕ್ಯಾಲೆಂಡರಿನಲ್ಲಿ ದಿನಾಂಕ ಬರೆದೆ. ಆ ದಿನ ಹೊರಟೆವು.