ಚಳಿಗೆ ಗಟ್ಟಿ, ಬಿಸಿಗೆ ಮೆದು

ಬನಶಂಕರಿ ಮೂರನೇ ಹಂತದ ಇಂಜಿನಿಯರಿಂಗ್ ಕಾಲೇಜೊಂದರ ಲ್ಯಾಬ್. ಹೊರಗೆ ರಿಂಗ್ ರೋಡಿನ ಹಾರನ್ನುಗಳು, ಒಳಗೆ ಲೋಹವನ್ನು ಎಳೆದು ಅದರ ಬಲ ಅಳೆಯುವ ಯುಟಿಎಂ ಯಂತ್ರದ ಗುಂಯ್ ಸದ್ದು. ನೀವು ಯಂತ್ರದ ಪಕ್ಕದಲ್ಲೇ ನಿಂತಿದ್ದೀರಿ. ಅದರ ಎರಡು ದವಡೆಗಳ ನಡುವೆ ಬೆರಳಗಲದ ಪಟ್ಟಿ, ಹೆಚ್ಚುಕಡಿಮೆ ಶುದ್ಧ ಅಲ್ಯೂಮಿನಿಯಂ. ಯಂತ್ರ ಎಳೆಯುತ್ತದೆ, ಪಟ್ಟಿ ಉದ್ದವಾಗಿ, ನಡುವೆ ಸಣಕಲಾಗಿ ಹರಿಯುತ್ತದೆ. ಪರದೆಯಲ್ಲಿ 90 ಮೆಗಾಪ್ಯಾಸ್ಕಲ್ ಆಸುಪಾಸು.

"ಈಗ 5052 ಹಾಕಪ್ಪ," ಎನ್ನುತ್ತಾರೆ ಮೇಷ್ಟ್ರು. ನೂರಕ್ಕೆ ಎರಡೂವರೆ ಪಾಲು ಮೆಗ್ನೀಷಿಯಂ ಕರಗಿರುವ, ಕಾಯಿಸಿ ಮೆದು ಮಾಡಿದ ಮಿಶ್ರಲೋಹ. ಅಂಕಿ 190 ದಾಟುತ್ತದೆ. ಆದರೆ ಪರದೆಯ ಗೆರೆ ನುಣ್ಣಗಿಲ್ಲ, ಹೆಜ್ಜೆಹೆಜ್ಜೆಗೂ ತಡವರಿಸುತ್ತಿದೆ.

"ಯಾಕೆ ಸರ್ ಹೀಗೆ?"

"ಜಮಖಾನದ ಸುಕ್ಕನ್ನು ತಳ್ಳಿಕೊಂಡು ಹೋದರೆ ಇಡೀ ಜಮಖಾನ ಸರಿಯುತ್ತಲ್ಲ, ಲೋಹ ಹಿಗ್ಗೋದೂ ಹಾಗೇ. ಆ ಸುಕ್ಕೇ ಡಿಸ್‌ಲೊಕೇಶನ್. ಮೆಗ್ನೀಷಿಯಂ ಪರಮಾಣು ಅಲ್ಯೂಮಿನಿಯಂಗಿಂತ ಶೇ. 12ರಷ್ಟು ದೊಡ್ಡದು, ದಾರಿಗೆ ಅಡ್ಡ ಕೂತಿರುತ್ತೆ. ಈ ಕೋಣೆಯ ಬಿಸಿಗೆ ಅದು ಕೊಂಚ ಸರಿದಾಡಿ, ನಿಂತ ಸುಕ್ಕನ್ನು ಹಿಡ್ಕೊಳ್ಳುತ್ತೆ. ಸುಕ್ಕು ಕಿತ್ಕೊಂಡು ಓಡುತ್ತೆ, ಮುಂದೆ ಮತ್ತೆ ಸಿಕ್ಕಿಬೀಳುತ್ತೆ."

ಅದೇ ಮಿಶ್ರಲೋಹದ ಮುಂದಿನ ಪಟ್ಟಿಗೆ ಥರ್ಮೊಕೋಲ್ ಪೆಟ್ಟಿಗೆ ಕಟ್ಟಿ ದ್ರವ ಸಾರಜನಕ ಸುರಿಯುತ್ತಾರೆ. ಮೈನಸ್ 196 ಡಿಗ್ರಿ. ಬಿಳಿ ಹಬೆ ನಿಮ್ಮ ಕಾಲಿನವರೆಗೂ ಹರಿದು ಬರುತ್ತದೆ. ಗೆರೆ ಈಗ ನುಣ್ಣಗಾಗಿದೆ, ಅಂಕಿ 300! ಪಟ್ಟಿ ಪಟ್ಟನೆ ಮುರಿಯುವುದೂ ಇಲ್ಲ, ಮೊದಲಿಗಿಂತ ಹೆಚ್ಚೇ ಹಿಗ್ಗುತ್ತದೆ. ಆ ಚಳಿಯಲ್ಲಿ ಮೆಗ್ನೀಷಿಯಂ ಕದಲದು. ಅದನ್ನು ದಾಟಲು ಸುಕ್ಕಿಗೆ ಶಾಖದ ನೆರವೂ ಸಿಗದು. ಅಷ್ಟನ್ನೂ ಯಂತ್ರವೇ ನೂಕಬೇಕು.

ಕೊನೆಗೆ ಫರ್ನೇಸ್, 260 ಡಿಗ್ರಿ. ಕಾವು ಮುಖಕ್ಕೆ ಹೊಡೆಯುತ್ತದೆ. ಅಂಕಿ 80ರ ಆಚೀಚೆಗೇ ಸುಸ್ತು. ಶಾಖದ ಕಂಪನವೇ ಸುಕ್ಕನ್ನು ಎತ್ತಿ ದಾಟಿಸುತ್ತಿದೆ. ಆದರೂ ಇದೇ ಬಿಸಿಯಲ್ಲಿ ಶುದ್ಧ ಅಲ್ಯೂಮಿನಿಯಂ 30ನ್ನೂ ಮುಟ್ಟುವುದಿಲ್ಲ. ಕರಗಿದ ಮೆಗ್ನೀಷಿಯಂ ಇಲ್ಲೂ ಕೈಬಿಟ್ಟಿಲ್ಲ.

ಚಳಿಯಲ್ಲಿ ಬಲಿಯುವ ಈ ಗುಣವೇ ರಾಕೆಟ್‌ಗಳಿಗೆ ಬೇಕಾದದ್ದು. 2020ರಲ್ಲಿ ಬೆಂಗಳೂರಿನ ಎಚ್‌ಎಎಲ್ ಇಸ್ರೋಗೆ ಕೊಟ್ಟ, ನಾಲ್ಕು ಮೀಟರ್ ವ್ಯಾಸದ ದ್ರವ ಜಲಜನಕದ ಟ್ಯಾಂಕ್ ಕೂಡ ಅಲ್ಯೂಮಿನಿಯಂ ಮಿಶ್ರಲೋಹದ್ದೇ. ಅದರೊಳಗಿನ ಇಂಧನ ಮೈನಸ್ 253 ಡಿಗ್ರಿಯದು. ಅಂಥ ಚಳಿಗೆ ಸಾಮಾನ್ಯ ಉಕ್ಕು ಗಾಜಿನಂತೆ ಪೆಡಸಾಗಿಬಿಡುತ್ತದೆ.

ಅಲ್ಯೂಮಿನಿಯಂ ಎಷ್ಟು ಗಟ್ಟಿ ಎಂದು ಯಾರಾದರೂ ಕೇಳಿದರೆ, ಎಷ್ಟು ಡಿಗ್ರಿಯಲ್ಲಿ ಎಂದು ಮೊದಲು ಮರುಪ್ರಶ್ನೆ ಹಾಕಿ.